ಸತ್ಯಾಂಶ: 2030ಕ್ಕೆ ಜಾಗತಿಕ ಗುರಿಗಳು ರದ್ದಾಗುತ್ತವೆಯೇ?

‘2030ಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಗುರಿಗಳ ಕಾನೂನು ರದ್ದು, ಸಣ್ಣ ಸೇವಾ ಸಂಸ್ಥೆಗಳಿಗೆ ಬೀಗ’ ಎಂಬ ಸಂದೇಶ ಬಂದಿದ್ದರೆ ಸುಮ್ನೆ ಹೆದರಬೇಡಿ.

ಇದು ಕಾನೂನೇ ಅಲ್ಲ. ಬಡತನ, ಹಸಿವು ನೀಗಿಸುವಂಥ 17 ಗುರಿಗಳು ಇವು, 2015ರಲ್ಲಿ 193 ದೇಶಗಳು ಒಪ್ಪಿಕೊಂಡವು. ಪಾಲಿಸದಿದ್ದರೆ ದಂಡವೇನೂ ಇಲ್ಲ. (ಅದೇ ಇವುಗಳ ದೊಡ್ಡ ಕೊರತೆ ಅನ್ನುವವರೂ ಇದ್ದಾರೆ.) 2030 ಅನ್ನುವುದು ಗಡುವು, ಅಷ್ಟೇ. ಇವಕ್ಕೂ ಹಿಂದಿನ, ‘ಸಹಸ್ರಮಾನದ ಗುರಿಗಳು’ ಎಂಬ 8 ಗುರಿಗಳ ಅವಧಿ 2015ಕ್ಕೆ ಮುಗಿದಾಗಲೂ ಕೆಲಸ ನಿಲ್ಲಲಿಲ್ಲ, ಹೊಸ ಪಟ್ಟಿ ಬಂತು. ಈ ಸಲ ಮುಂದೇನು ಎಂದು 2027ರ ಸೆಪ್ಟೆಂಬರ್‌ನಲ್ಲಿ ಚರ್ಚಿಸಲು ದೇಶಗಳು 2024ರಲ್ಲೇ ಒಪ್ಪಿವೆ.

ಸಣ್ಣ ಸ್ಥಳೀಯ ಸೇವಾ ಸಂಸ್ಥೆಗಳ ನಿಜವಾದ ಚಿಂತೆ ಬೇರೆಯೇ. ನೆರವಿನ ಹಣ ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳನ್ನು ದಾಟಿ ಬರುವಷ್ಟರಲ್ಲಿ ಕರಗಿರುತ್ತದೆ. ಬಂದಷ್ಟಕ್ಕೂ ವರದಿ ಬರೆಯುವ ಕೆಲಸ ಜಾಸ್ತಿ. ಹೊಸ ಗುರಿಗಳನ್ನು ಬರೆದು ಮುಗಿಸಿದ ಮೇಲಲ್ಲ, ಬರೆಯುವಾಗಲೇ ನಮ್ಮನ್ನು ಕೇಳಿ ಎನ್ನುವುದು ಅವರಲ್ಲಿ ಹಲವರ ಬೇಡಿಕೆ. ನ್ಯಾಯವೇ ಅಲ್ವಾ?