ರಾತ್ರಿ ಪೊಲೀಸ್ ಗಾಡಿಯಲ್ಲಿ ಫ್ರೀ ಡ್ರಾಪ್: ಸತ್ಯಾಂಶ ಏನು?

ದಾವಣಗೆರೆಯ ಹಾಸ್ಟೆಲ್ ಗ್ರೂಪುಗಳಲ್ಲಿ ಆ ಮೆಸೇಜ್ ಆಗಾಗ ಬರುತ್ತಲೇ ಇರುತ್ತದೆ: ರಾತ್ರಿ ಒಂಟಿ ಹೆಣ್ಣುಮಕ್ಕಳು ಫೋನ್ ಮಾಡಿದರೆ, ದೇಶದಲ್ಲಿ ಎಲ್ಲೇ ಇದ್ದರೂ ಪೊಲೀಸರು ಪುಕ್ಕಟೆಯಾಗಿ ಮನೆಗೆ ಬಿಡ್ತಾರೆ ಅಂತ. ಇಡೀ ದೇಶಕ್ಕೆ ಅಂಥ ಒಂದು ಯೋಜನೆ ಇಲ್ಲ. 2019ರ ಕೊನೆಗೆ ಪಂಜಾಬಿನ ಲುಧಿಯಾನದಲ್ಲಿ ಪೊಲೀಸರು ಶುರುಮಾಡಿದ ಇಂಥ ಸೇವೆಯ ಸುದ್ದಿ, ಅಲ್ಲಿನ ಮೊಬೈಲ್ ನಂಬರ್ ಸಮೇತ, ಊರಿನ ಹೆಸರು ಮಾತ್ರ ಬಿಟ್ಟುಹೋಗಿ ಎಲ್ಲ ಕಡೆ ಹಬ್ಬಿತು. ಕಳಿಸುವವರದ್ದು ಕಾಳಜಿಯೇ. ಆದರೆ ಲೈಬ್ರರಿಯಿಂದ ತಡವಾಗಿ ಹೊರಟ ಹುಡುಗಿ ಆ ನಂಬರನ್ನೇ ನಂಬಿದರೆ ಬೇಕಾದ ನಿಮಿಷಗಳು ಸುಮ್ನೆ ಹೋಗುತ್ತವೆ, ಅಲ್ವಾ?

ಇಂಥ ಮೆಸೇಜ್ ಬಂದರೆ ಅದರಲ್ಲಿ ತಾರೀಖು, ಊರು ಇದೆಯಾ ನೋಡಿ. ನಂಬರನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿ. ಜಿಲ್ಲಾ ಪೊಲೀಸರ ಅಧಿಕೃತ ಪುಟದಲ್ಲಿ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಅಪಾಯ ಅನ್ನಿಸಿದರೆ 112. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಮೂರಕ್ಕೂ ಅದೇ. ರ‍್ಯಾಗಿಂಗ್ ಆದರೆ 1800-180-5522. ವಾರ್ಡನ್ ಮತ್ತು ಕ್ಯಾಂಪಸ್ ಸೆಕ್ಯುರಿಟಿ ನಂಬರನ್ನು ಇವತ್ತೇ ಸೇವ್ ಮಾಡಿಕೊಳ್ಳಿ.