ಸ್ಪಷ್ಟನೆ: ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 'ಬಡ ರೈತ' ಆಗಿರಲಿಲ್ಲ

'ತಾನೇ ನೇಗಿಲು ಹಿಡಿದು ಉಳುತ್ತಿದ್ದ ಬಡ ರೈತ ವಾಷಿಂಗ್ಟನ್, ಒಂದು ಪೈಸೆಯನ್ನೂ ಖರ್ಚು ಮಾಡದೆ ಶಾಸಕನಾದ' ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಹೋದ ವಾರ ನಾನೂ ಪರೀಕ್ಷಿಸದೆ ಹಂಚಿದ್ದೆ. ಅದು ತಪ್ಪು.

ಅವರು ಬೇಸಾಯಗಾರರೇ ನಿಜ. ತಂಬಾಕು ಬಿಟ್ಟು ಗೋಧಿಗೆ ಬದಲಾದವರು. ಆದರೆ ಅವರ ಮೌಂಟ್ ವರ್ನನ್ ಎಸ್ಟೇಟ್ ಸಾವಿರಾರು ಎಕರೆಯ ಜಮೀನು. ಅಲ್ಲಿ ದುಡಿದವರು ಗುಲಾಮರು. 1799ರಲ್ಲಿ ವಾಷಿಂಗ್ಟನ್ ತಾವೇ ಬರೆದಿಟ್ಟ ಪಟ್ಟಿಯಲ್ಲಿ 317 ಗುಲಾಮರ ಲೆಕ್ಕವಿದೆ.

ಇನ್ನು ಚುನಾವಣೆ. ಬ್ರಿಟಿಷರ ವಸಾಹತಾಗಿದ್ದ ವರ್ಜೀನಿಯಾದ ಶಾಸನಸಭೆಗೆ ಅವರು 1755ರಲ್ಲಿ ಸೋತು, 1758ರಲ್ಲಿ ಫ್ರೆಡರಿಕ್ ಕೌಂಟಿಯಿಂದ ಗೆದ್ದರು. ಆಗ ಅವರು ಸೇನೆಯ ಕೆಲಸದಲ್ಲಿ ದೂರ ಇದ್ದರು. ಊರಲ್ಲಿ ಅವರ ಕಡೆಯವರು ರಮ್, ವೈನ್, ಬಿಯರ್ ಎಲ್ಲ ಸೇರಿ ಸುಮಾರು 160 ಗ್ಯಾಲನ್ ಹಂಚಿದರು! ಇದು ಸುಮ್ನೆ ಮಾತಲ್ಲ, ಆ ಖರ್ಚಿನ ಲೆಕ್ಕ ಅವರ ಕಾಗದಪತ್ರಗಳಲ್ಲೇ ಉಳಿದಿದೆ. ಮತದಾರರಿಗೆ ಕುಡಿಸುವುದು ಆಗ ಅಲ್ಲಿ ಮಾಮೂಲಿಯಾಗಿತ್ತು.

ವಾಷಿಂಗ್ಟನ್ ಮರದ ಹಲ್ಲು ಕಟ್ಟಿಸಿಕೊಂಡಿದ್ದರು ಎಂಬ ಕತೆಯೂ ಸುಳ್ಳೇ. ಅವರ ಕಟ್ಟುಹಲ್ಲಿನಲ್ಲಿ ಪ್ರಾಣಿಗಳ ದಂತ, ಮನುಷ್ಯರ ಹಲ್ಲು, ಸೀಸ ಇದ್ದವು.

ಆ ಸಂದೇಶ ನಿಮ್ಮ ಬಳಿ ಇದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ನನ್ನಿಂದ ಬಂದಿದ್ದರೆ ಅಳಿಸಿಬಿಡಿ.