‘ಓಕೆ’ ಹುಟ್ಟಿದ್ದು ಯುದ್ಧದಲ್ಲಲ್ಲ

‘ಓಕೆ’ ಪದದ ಕಥೆ ಮತ್ತೆ ಫಾರ್ವರ್ಡ್ ಆಗಿ ಓಡಾಡುತ್ತಿದೆ. ಅಮೆರಿಕದ ಅಂತರ್ಯುದ್ಧದಲ್ಲಿ ಯಾರೂ ಸಾಯದ ದಿನ ‘ಜೀರೋ ಕಿಲ್ಡ್’ (ಯಾರೂ ಸತ್ತಿಲ್ಲ) ಅನ್ನೋದಕ್ಕೆ ‘0 K’ ಅಂತ ಬರೆಯುತ್ತಿದ್ದರಂತೆ, ಸೊನ್ನೆ ‘ಓ’ ಥರ ಕಾಣೋದರಿಂದ ಅದೇ ಓಕೆ ಆಯಿತಂತೆ. ಕೇಳೋಕೆ ಚೆನ್ನಾಗಿದೆ, ಆದರೆ ಸುಳ್ಳು. ಆ ಯುದ್ಧ ಶುರುವಾಗಿದ್ದು 1861ರಲ್ಲಿ. ಓಕೆ ಅದಕ್ಕೂ 22 ವರ್ಷ ಮೊದಲೇ ಪತ್ರಿಕೆಯಲ್ಲಿ ಅಚ್ಚಾಗಿತ್ತು!

ನಿಜವಾದ ಕಥೆ ಇದಕ್ಕಿಂತ ಎಷ್ಟೋ ಸೊಗಸಾಗಿದೆ. ಆಗ ಬಾಸ್ಟನ್ ಪತ್ರಿಕೆಗಳಿಗೆ ಒಂದು ಹುಚ್ಚು ಹಿಡಿದಿತ್ತು. ಬೇಕಂತಲೇ ಸ್ಪೆಲಿಂಗ್ ತಪ್ಪು ಬರೆಯೋದು, ಆಮೇಲೆ ಅದರ ಮೊದಲ ಅಕ್ಷರಗಳನ್ನಷ್ಟೇ ಇಟ್ಟುಕೊಳ್ಳೋದು. ‘ಆಲ್ ಕರೆಕ್ಟ್’ ಅನ್ನೋದನ್ನೇ ತಗೊಳ್ಳಿ. ಎ ಜಾಗಕ್ಕೆ ಓ, ಸಿ ಜಾಗಕ್ಕೆ ಕೆ. ಆಯ್ತಲ್ಲ ಓಕೆ! 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ ಅದು ಬಂದಾಗ, ಓದುಗರಿಗೆ ತಿಳಿಯಲಿ ಅಂತ ಪಕ್ಕದಲ್ಲೇ ‘ಆಲ್ ಕರೆಕ್ಟ್’ ಎಂಬ ಅರ್ಥವನ್ನೂ ಕೊಟ್ಟಿದ್ದರು. ಹೀಗೇ ‘ಆಲ್ ರೈಟ್’ ಅನ್ನು ‘oll wright’ ಮಾಡಿ, ‘ಓಡಬ್ಲ್ಯೂ’ ಅಂತಲೂ ಬರೆಯುತ್ತಿದ್ದರು. ಅದು ಈಗ ಯಾರಿಗೂ ನೆನಪಿಲ್ಲ.

ಹಾಗಾದರೆ ಓಕೆ ಮಾತ್ರ ಹೇಗೆ ಉಳಿಯಿತು? ಮರುವರ್ಷವೇ ಚುನಾವಣೆ ಬಂತು. ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರ ಊರು ಕಿಂಡರ್‌ಹುಕ್. ಅವರಿಗೆ ‘ಓಲ್ಡ್ ಕಿಂಡರ್‌ಹುಕ್’ ಅನ್ನೋ ಅಡ್ಡಹೆಸರಿತ್ತು. ಅದರ ಮೊದಲಕ್ಷರಗಳೂ ಓ ಮತ್ತು ಕೆ! ಬೆಂಬಲಿಗರು ‘ಓಕೆ ಕ್ಲಬ್’ ಕಟ್ಟಿದರು. ವಿರೋಧಿಗಳು ಸುಮ್ನಿರ್ತಾರಾ? ವ್ಯಾನ್ ಬ್ಯೂರೆನ್ ಪಕ್ಷದವರೇ ಆದ ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಸ್ಪೆಲಿಂಗ್ ಬರ್ತಿರಲಿಲ್ಲ, ಕಾಗದಪತ್ರಗಳ ಮೇಲೆ ಓಕೆ ಅಂತ ಗೀಚಿದ್ದು ಅವರೇ ಅಂತ ಹಬ್ಬಿಸಿದರು. ನೋಡಿ, ಪದ ಹುಟ್ಟಿ ಒಂದು ವರ್ಷಕ್ಕೇ ಅದರ ಬಗ್ಗೆ ಕಟ್ಟುಕಥೆಯೂ ಶುರು. ವ್ಯಾನ್ ಬ್ಯೂರೆನ್ ಸೋತರು. ಆದರೆ ಅಷ್ಟರಲ್ಲಿ ಪದ ದೇಶದ ತುಂಬಾ ಓಡಾಡಿಬಿಟ್ಟಿತ್ತು.

ಇಷ್ಟನ್ನೂ ಹಳೇ ಪತ್ರಿಕೆಗಳಿಂದ ಹೆಕ್ಕಿ ತೆಗೆದವರು ಆಲನ್ ವಾಕರ್ ರೀಡ್ ಎಂಬ ಭಾಷಾ ವಿದ್ವಾಂಸರು. 1963–64ರಲ್ಲಿ ಸಾಲು ಸಾಲು ಲೇಖನ ಬರೆದು, ತಾರೀಖು ಸಮೇತ ಸಾಬೀತು ಮಾಡಿದರು. ಇಂಥವರ ಮೇಲೆ ನನಗೆ ತುಂಬಾ ಗೌರವ. ಅವರ ಇಷ್ಟು ಶ್ರಮವನ್ನು ಎರಡು ಸಾಲಿನ ಫಾರ್ವರ್ಡ್ ಮುಚ್ಚಿಹಾಕಿದಾಗ ನಿಜಕ್ಕೂ ಬೇಜಾರಾಗುತ್ತದೆ.

ಅರ್ಥವೂ ಎಷ್ಟು ಬದಲಾಗಿದೆ ಅಲ್ವಾ? ಆಗ ಓಕೆ ಅಂದರೆ ಎಲ್ಲ ಸರಿ, ಒಂದೂ ತಪ್ಪಿಲ್ಲ. ಈಗ ಯಾರಾದರೂ ‘ಸಿನಿಮಾ ಹೇಗಿತ್ತು?’ ಅಂತ ಕೇಳಿದಾಗ ‘ಓಕೆ’ ಅಂದರೆ, ಅಷ್ಟೇನೂ ಚೆನ್ನಾಗಿಲ್ಲ ಅಂತಲೇ ಲೆಕ್ಕ. ಜಗಳದ ನಡುವೆ ಬಂದರೆ ಮಾತು ಸಾಕು ಅಂತ. ಕೊನೆಯಲ್ಲಿ ರಾಗ ಎಳೆದರೆ ಅದೇ ಪ್ರಶ್ನೆಯೂ ಆಗುತ್ತದೆ.